ಮೊದಲು ಬಿಳಿ ತೋರಿಸು

ನಮ್ಮ ಮನೆಯ ಹಿಂದಿನ ಕಿಟಕಿಗೆ ಸೊಳ್ಳೆ ಬಾರದಂತೆ ಜಾಲರಿ ಹೊಡೆಸಿದ್ದೇವೆ. ಅದರಾಚೆ ಪಾಗಾರ, ಪಾಗಾರದ ತುಂಬ ಹಾವಸೆ. ಮಳೆ ಸ್ವಲ್ಪ ಹೊಳವಾಯಿತೆಂದರೆ ಒಂದು ಕೆಂಬೂತ ಅಲ್ಲಿಗೆ ಬರುತ್ತದೆ. ಅವಸರದ ಹಕ್ಕಿಯಲ್ಲ ಅದು. ಒಂದೊಂದೇ ಹೆಜ್ಜೆ ಇಡುತ್ತ, ಪಾಗಾರದ ಬಿರುಕಿನಲ್ಲಿ ಹುಳ ಹುಡುಕುತ್ತ, ನಡುನಡುವೆ ನಿಂತು ಕೆಂಪು ಕಣ್ಣು ಹೊರಳಿಸುತ್ತ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಬಾಗಿಲು ತೆರೆದ ಸದ್ದಾದರೆ ಮಾತ್ರ ಮರುಕ್ಷಣ ಮಾಯ. ಹಾಗಾಗಿ ಅದನ್ನು ವಿಡಿಯೊ ಮಾಡಬೇಕೆಂದರೆ ಜಾಲರಿಯ ಈಚೆಯಿಂದಲೇ ಮಾಡಬೇಕು. ಮಗಳು ಮೊಬೈಲ್ ಹಿಡಿಯುತ್ತಾಳೆ. ಅದರ ಪರದೆಯಲ್ಲಿ ಜಾಲರಿಯ ಒಂದೊಂದು ಎಳೆಯೂ ಎಣಿಸುವಷ್ಟು ಸ್ಪಷ್ಟ. ಹಕ್ಕಿ ಇರುವ ಜಾಗದಲ್ಲಿ ಕಂದು ಬಣ್ಣದ ಒಂದು ಕಲೆ. ಅವಳು ಬೆರಳಿನಿಂದ ಹಕ್ಕಿಯನ್ನು ಒತ್ತಿ ತೋರಿಸುತ್ತಾಳೆ. ಒಂದು ಗಳಿಗೆ ಹಕ್ಕಿ ಮೂಡುತ್ತದೆ, ಮತ್ತೆ ಜಾಲರಿಯೇ ಮುಂದೆ ಬರುತ್ತದೆ. "ಇದಕ್ಕೆ ಜಾಲರಿ ಅಂದ್ರೆ ಯಾಕಪ್ಪಾ ಇಷ್ಟು ಇಷ್ಟ?" ಎಂದು ಕೇಳುತ್ತಾಳೆ.

ಈ ಕಿರಿಕಿರಿಗೆ ನನ್ನಲ್ಲೊಂದು ಹಳೆಯ ಮದ್ದು ಉಂಟು. ಬೀರುವಿನ ಮೇಲಿನ ಖಾನೆಯಲ್ಲಿ ಒಂದು ಮಿನಿ ಡಿವಿ ಕ್ಯಾಮ್‌ಕಾರ್ಡರ್ ಇದೆ. ಅದರ ಫೋಕಸ್ ಗುಂಡಿಯನ್ನು ಆಟೋದಿಂದ ಮ್ಯಾನುಯಲ್‌ಗೆ ಸರಿಸಿ, ಲೆನ್ಸನ್ನು ಜಾಲರಿಗೆ ಮುಟ್ಟುವಷ್ಟು ಹತ್ತಿರ ತಂದು, ಜೂಮ್ ಪೂರ್ತಿ ಎಳೆದು, ರಿಂಗನ್ನು ನಿಧಾನವಾಗಿ ತಿರುಗಿಸುತ್ತೇನೆ. ಮೊದಲು ಎಳೆಗಳು ದಪ್ಪವಾಗುತ್ತವೆ, ಆಮೇಲೆ ತೆಳ್ಳಗೆ ಹರಡುತ್ತವೆ, ಆಮೇಲೆ ಇಲ್ಲವೇ ಇಲ್ಲ. ಕೆಂಬೂತದ ಹೆಗಲಿನ ಗರಿ, ಕೊಕ್ಕಿನ ತುದಿಗೆ ಅಂಟಿದ ಮಣ್ಣು, ಆ ಕೆಂಪು ಕಣ್ಣು, ಎಲ್ಲ ಬಂದು ನಿಲ್ಲುತ್ತವೆ. ಜಾಲರಿ ಇದ್ದಲ್ಲೇ ಇದೆ, ಆದರೆ ಚಿತ್ರದಲ್ಲಿ ಅದಕ್ಕೆ ಜಾಗವಿಲ್ಲ. ಇದನ್ನು ಎಷ್ಟು ಸಲ ಮಾಡಿದರೂ ನನಗೆ ಆಗುವ ಸಂತೋಷ ಕಮ್ಮಿಯಾಗಿಲ್ಲ. ಬೆರಳೆರಡು ಅಲ್ಲಾಡಿಸಿದ್ದಕ್ಕೆ ಕಣ್ಣೆದುರಿನ ಅಡ್ಡಿಯೊಂದು ಕರಗಿಹೋಗುವುದು ಸಣ್ಣ ಸಂಗತಿಯಲ್ಲ.

ಮಗಳ ಪ್ರಶ್ನೆಗೆ ಉತ್ತರ ಇದೆ. ಈ ಯಂತ್ರಗಳಿಗೆ ಹಕ್ಕಿಯೂ ಗೊತ್ತಿಲ್ಲ, ಜಾಲರಿಯೂ ಗೊತ್ತಿಲ್ಲ. ಹಳೆಯ ಕ್ಯಾಮ್‌ಕಾರ್ಡರಿನ ಆಟೋ ಫೋಕಸ್ಸಿಗೆ ಗೊತ್ತಿರುವುದು ಒಂದೇ: ಎಲ್ಲಿ ಕಪ್ಪು ಬಿಳುಪಿನ ಅಂಚು ಹರಿತವಾಗಿದೆಯೋ ಅದು ನೋಡಬೇಕಾದ ವಸ್ತು. ಅದು ಲೆನ್ಸನ್ನು ಒಂದು ಕಡೆಗೆ ಸರಿಸುತ್ತದೆ. ಅಂಚು ಹರಿತವಾಗುತ್ತ ಹೋದರೆ ಅದೇ ದಿಕ್ಕಿನಲ್ಲಿ ಮುಂದುವರಿಯುತ್ತದೆ. ಅತ್ಯಂತ ಹರಿತವಾದ ಜಾಗ ಬಂದಾಗ ಅದಕ್ಕೆ ತಿಳಿಯುವುದಿಲ್ಲ. ದಾಟಿ ಹೋಗಿ ಚಿತ್ರ ಮತ್ತೆ ಮಸುಕಾದ ಮೇಲೆಯೇ 'ಓ, ಅದು ಹಿಂದೆ ಉಳಿಯಿತು' ಎಂದು ತಿರುಗಿ ಬರುತ್ತದೆ. ತಂಬೂರಿ ಶ್ರುತಿ ಮಾಡುವವರು ಬಿರಡೆಯನ್ನು ಒಂದೆಳೆ ಹೆಚ್ಚು ತಿರುಗಿಸಿ ಮತ್ತೆ ಇಳಿಸುವ ಹಾಗೆ. ಹಗಲು ಬೆಳಕಿನಲ್ಲಿ ಈ ಹೋಗಿಬರುವ ಕೆಲಸ ಕಣ್ಣಿಗೆ ಕಾಣದಷ್ಟು ಬೇಗ ಮುಗಿಯುತ್ತದೆ. ಬೆಳಕು ಕಡಿಮೆಯಾದರೆ, ಹೋಮದ ಹೊಗೆ ತುಂಬಿದರೆ, ಎದುರಿಗೆ ಗೆರೆಯೇ ಇಲ್ಲದ ಒಂದೇ ಬಣ್ಣದ ರೇಷ್ಮೆ ಬಂದು ನಿಂತರೆ ಮುಗಿಯುವುದೇ ಇಲ್ಲ. ಚಿತ್ರ ಉಸಿರೆಳೆದುಕೊಂಡು ಬಿಡುತ್ತ ಇರುತ್ತದೆ.

ಇದನ್ನೆಲ್ಲ ನನಗೆ ಹೇಳಿಕೊಟ್ಟದ್ದು ಚಿಕ್ಕಪ್ಪ. ತೀರ್ಥಹಳ್ಳಿ ಪೇಟೆಯಲ್ಲಿ ಅವನದೊಂದು ಸ್ಟುಡಿಯೊ ಇತ್ತು. ಹೆಗಲ ಮೇಲೆ ಹೊರುವ ಪ್ಯಾನಸೋನಿಕ್ ವಿಎಚ್ಎಸ್ ಕ್ಯಾಮೆರಾಗಳ ಕಾಲದಲ್ಲಿ ಶುರುಮಾಡಿದವನು, ಮಿನಿ ಡಿವಿ ಬಂದ ಮೇಲೆ ಅದಕ್ಕೆ ಬದಲಾದ. ಅರ್ಧ ಇಂಚು ಅಗಲದ ಟೇಪು ಕಾಲಿಂಚಿಗೆ ಇಳಿದು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಸೆಟ್ಟಿನಲ್ಲಿ ಒಂದು ಗಂಟೆಯ ಮದುವೆ ಹಿಡಿಯಿತು. ಸೋನಿಯ ವಿಎಕ್ಸ್ 1000 ಎಂಬ ಕ್ಯಾಮೆರಾ 1995ರಲ್ಲಿ ಬಂದದ್ದು. ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಸಿಸಿಡಿ ಇರುವ, ಕೈಯಲ್ಲಿ ಹಿಡಿಯಬಹುದಾದ ಡಿಜಿಟಲ್ ಕ್ಯಾಮೆರಾ. ಅದೂ ಅದರ ತಮ್ಮಂದಿರೂ ದೊಡ್ಡ ಟೀವಿ ಕೇಂದ್ರಗಳಲ್ಲಿ ಮಾತ್ರ ಇದ್ದ ಸವಲತ್ತನ್ನು ನಮ್ಮಂಥ ಊರುಗಳ ಸ್ಟುಡಿಯೊಗಳಿಗೆ ತಂದುಕೊಟ್ಟವು. ರಜೆಯಲ್ಲಿ ನಾನು ಚಿಕ್ಕಪ್ಪನ ಲೈಟ್ ಹಿಡಿಯುವ ಹುಡುಗ. ಸನ್‌ಗನ್ ಎಂದು ಕರೆಯುತ್ತಿದ್ದ ಸಾವಿರ ವ್ಯಾಟಿನ ಹ್ಯಾಲೊಜನ್ ದೀಪ, ಅದರ ಹಿಂದೆ ಉದ್ದಕ್ಕೂ ವೈರು, ವೈರಿನ ತುದಿಯಲ್ಲಿ ಪ್ಲಗ್ ಹುಡುಕುವ ಫಜೀತಿ. ಬಿಸಿಗೆ ಕೈ ಚುರುಗುಟ್ಟುತ್ತಿತ್ತು. ಸಂಜೆಯ ಆರತಕ್ಷತೆಗಳಲ್ಲಿ ಮಳೆಗಾಲದ ಹುಳಗಳೆಲ್ಲ ನನ್ನ ಮುಖಕ್ಕೇ ಬರುತ್ತಿದ್ದವು. ಆದರೆ ಇಡೀ ಮದುವೆಯಲ್ಲಿ ಮದುಮಕ್ಕಳನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಪುರೋಹಿತರನ್ನು ಬಿಟ್ಟರೆ ನನಗೇ.

ಕಿಟಕಿಯ ಜಾಲರಿಯನ್ನು ನೋಡಿದಾಗೆಲ್ಲ ನನಗೆ ಅಂತರಪಟ ನೆನಪಾಗುತ್ತದೆ. ಮುಹೂರ್ತಕ್ಕೆ ಮುಂಚೆ ವಧೂವರರ ನಡುವೆ ಬಿಳಿ ಬಟ್ಟೆ ಹಿಡಿಯುತ್ತಾರೆ. ಬಟ್ಟೆಯ ನಡುವೆ ಕುಂಕುಮದ ಸ್ವಸ್ತಿಕ. ಆಚೆ ಅವಳು, ಈಚೆ ಅವನು, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿಯುತ್ತಿದ್ದಂತೆ ಗಟ್ಟಿಮೇಳ, ಬಟ್ಟೆ ಸರ್ರನೆ ಮೇಲಕ್ಕೆ, ಜೀರಿಗೆ ಬೆಲ್ಲ ತಲೆಯ ಮೇಲೆ. ಯಾರು ಮೊದಲು ಹಾಕಿದರು ಎಂದು ಎರಡೂ ಕಡೆಯವರು ಬಹಳ ವರ್ಷ ಚರ್ಚಿಸುವ ಸಂಗತಿ ಒಂದೇ ಕ್ಷಣದಲ್ಲಿ ನಡೆದುಹೋಗುತ್ತದೆ. ವರನ ಹೆಗಲ ಹಿಂದೆ ನಿಂತ ಕ್ಯಾಮೆರಾ ಆಟೋದಲ್ಲಿದ್ದರೆ ಅದು ಹಿಡಿದುಕೊಂಡಿರುವುದು ಸ್ವಸ್ತಿಕವನ್ನು. ಬಟ್ಟೆ ಹೋದ ಮೇಲೆ ಅದು ಹುಡುಗಿಯನ್ನು ಹುಡುಕಲು ಹೊರಡುತ್ತದೆ. ನಮ್ಮ ಪಾಲ್ ವಿಡಿಯೊದಲ್ಲಿ ಸೆಕೆಂಡಿಗೆ 25 ಚಿತ್ರ. ಎರಡು ಸೆಕೆಂಡು ಅಲೆದಾಡಿದರೆ 50 ಚಿತ್ರಗಳು ಮಸುಕು, ಅಷ್ಟರಲ್ಲಿ ಜೀರಿಗೆ ಬೆಲ್ಲ ನೆಲದ ಮೇಲೆ.

ಚಿಕ್ಕಪ್ಪ ಆ ಕ್ಷಣಕ್ಕೆ ಬೆಳಗಿನಿಂದಲೇ ಸಿದ್ಧನಾಗಿರುತ್ತಿದ್ದ. ಸೋದರಮಾವ ಹುಡುಗಿಯನ್ನು ಕರೆತರುವ ಮೊದಲು, "ಮಾರಾಯ, ಹೋಗಿ ಹಸೆಯ ಆಚೆ ನಿಲ್ಲು" ಎಂದು ನನ್ನನ್ನು ಕಳಿಸುತ್ತಿದ್ದ. ಅವಳು ಬಂದು ನಿಲ್ಲುವ ಜಾಗದ ಪಕ್ಕದಲ್ಲಿ ನಾನು ಲೈಟು ಹಿಡಿದು ನಿಲ್ಲಬೇಕು. ಅವನು ಜೂಮನ್ನು ಕೊನೆಯವರೆಗೆ ಎಳೆದು ನನ್ನ ಅಂಗಿಯ ಗುಂಡಿಯ ನಾಲ್ಕು ತೂತುಗಳು ಬಿಡಿಬಿಡಿಯಾಗಿ ಕಾಣುವ ತನಕ ರಿಂಗ್ ತಿರುಗಿಸುತ್ತಿದ್ದ. ಆಮೇಲೆ ಜೂಮನ್ನು ಹಿಂದಕ್ಕೆ ತಂದು, ರಿಂಗಿನಿಂದ ಕೈ ತೆಗೆದುಬಿಟ್ಟರೆ ಇನ್ನು ಅದನ್ನು ಮುಟ್ಟುವಂತಿಲ್ಲ. ತಾನೂ ನಿಂತ ಜಾಗ ಬಿಟ್ಟು ಕದಲುವಂತಿಲ್ಲ. ಈ ಕೆಲಸದ ಮೊದಲ ಪಾಠವೇ ಅದು. ಜೂಮ್ ಎಳೆದಾಗ ಸ್ಪಷ್ಟವಾಗಿ ಕಾಣುವ ಆಳ ಬಹಳ ತೆಳು, ಮೂಗು ಸರಿಯಿದ್ದರೆ ಕಿವಿ ಮಸುಕು. ಆ ತೆಳುವಿನಲ್ಲಿ ಗುರಿ ಹಿಡಿದು ಜೂಮನ್ನು ಹಿಂದಕ್ಕೆ ತಂದರೆ ಆಳ ತಾನಾಗಿ ಹಿಗ್ಗುತ್ತದೆ, ಗುರಿ ಮಾತ್ರ ತಪ್ಪುವುದಿಲ್ಲ. ಅಂತರಪಟ ಬಂದಾಗ ಚಿತ್ರದ ತುಂಬ ಹಾಲಿನಂಥ ಬಿಳುಪು, ನಡುವೆ ಕೆಂಪಗೆ ಕದಡಿದ ಸ್ವಸ್ತಿಕ. ಗಟ್ಟಿಮೇಳ ಶುರುವಾಗಿ ಬಟ್ಟೆ ಮೇಲೆದ್ದ ಅದೇ ಕ್ಷಣಕ್ಕೆ ಹುಡುಗಿಯ ಮುಖ, ರೆಪ್ಪೆಯ ಕಾಡಿಗೆ ಸಮೇತ. ಆ ಕ್ಯಾಸೆಟ್ಟುಗಳನ್ನು ಹಾಕಿ ನೋಡಿದವರಿಗೆ ಅದರ ಹಿಂದೆ ಒಬ್ಬನ ಅಂಗಿಯ ಗುಂಡಿ ಇದೆಯೆಂದು ತಿಳಿಯುವುದಿಲ್ಲ. ತಿಳಿಯಬೇಕಾಗಿಯೂ ಇಲ್ಲ. ನನಗೆ ತಿಳಿದಿದೆ, ಸಾಕು.

ಚಿಕ್ಕಪ್ಪನಿಗೆ ಇನ್ನೊಂದು ಅಭ್ಯಾಸವಿತ್ತು. ಮದುವೆಯ ಹಿಂದಿನ ದಿನ ಸಂಜೆ ಹುಡುಗಿಯ ಮನೆಗೆ ಹೋಗಿ ಕಾಫಿ ಕುಡಿದು ಬರುವುದು. ಕ್ಯಾಮೆರಾ ಒಯ್ಯುತ್ತಿರಲಿಲ್ಲ. ಜಗಲಿಯಲ್ಲಿ ಕುಳಿತು ಅದೂ ಇದೂ ಮಾತಾಡುತ್ತ, ಹುಡುಗಿಯನ್ನು ಎತ್ತಿ ಆಡಿಸಿದವರು ಯಾರು, ಮನೆಯಲ್ಲಿ ಹಿರಿಯರು ಯಾರು, ಯಾರಿಗೆ ಯಾರೊಡನೆ ಮಾತಿಲ್ಲ, ಎಲ್ಲ ತಿಳಿದುಕೊಂಡು ಬರುತ್ತಿದ್ದ. ಅದು ಕುತೂಹಲಕ್ಕೆಂದು ನಾನು ಎಣಿಸಿದ್ದೆ. ಮರುದಿನ ಧಾರೆಯ ಹೊತ್ತಿಗೆ ಅದರ ಪ್ರಯೋಜನ ಕಾಣುತ್ತಿತ್ತು. ಒಂದು ಮದುವೆಯಲ್ಲಿ ಎಲ್ಲರ ಕಣ್ಣೂ ಅಪ್ಪ ಎರೆಯುವ ನೀರಿನ ಮೇಲಿದ್ದಾಗ ಚಿಕ್ಕಪ್ಪ ಮೆಲ್ಲಗೆ ಕ್ಯಾಮೆರಾ ತಿರುಗಿಸಿ, ದೂರದ ಕಂಬಕ್ಕೆ ಒರಗಿ ನಿಂತ ಒಬ್ಬ ವಿಧವೆ ಅತ್ತೆಯ ಮೇಲೆ ರಿಂಗು ನಿಲ್ಲಿಸಿದ. ಹುಡುಗಿಗೆ ಜಡೆ ಹಾಕಿ ಬೆಳೆಸಿದವಳು ಅವಳು. ಮಂಟಪದ ಹತ್ತಿರ ಬರಲು ಅವಳೇ ಹಿಂಜರಿದಿದ್ದಳು. ನಡುವೆ ಹತ್ತಾರು ತಲೆಗಳು, ಹೂವು, ಬೀಸಣಿಗೆ. ಆಟೋದಲ್ಲಿದ್ದರೆ ಹತ್ತಿರದ ಹೂವೇ ಚಿತ್ರದ ಒಡತಿಯಾಗುತ್ತಿತ್ತು. ಕೈಯಲ್ಲಿ ತಿರುಗಿಸಿದ್ದರಿಂದ ಹೂವೆಲ್ಲ ಬಣ್ಣದ ಮಬ್ಬಾಗಿ, ನಡುವೆ ಅವಳ ಮುಖವೊಂದೇ ನಿಚ್ಚಳ. ಕಣ್ಣೊರೆಸಿಕೊಳ್ಳಲು ಸೆರಗು ಎತ್ತಿ, ಯಾರಾದರೂ ನೋಡಿಯಾರೆಂದು ಮತ್ತೆ ಇಳಿಸಿದ್ದು ಎಲ್ಲ ಇದೆ. ವರ್ಷಗಳ ಮೇಲೆ ಆ ಹುಡುಗಿ, ಈಗ ಎರಡು ಮಕ್ಕಳ ತಾಯಿ, ಸ್ಟುಡಿಯೊಕ್ಕೆ ಬಂದು ಆ ತುಣುಕಿನ ಇನ್ನೊಂದು ಪ್ರತಿ ಕೇಳಿದಳು. ಅತ್ತೆ ಅಷ್ಟರಲ್ಲಿ ತೀರಿಕೊಂಡಿದ್ದಳು. ಮನೆಯಲ್ಲಿ ಅವಳ ಬೇರೆ ಚಿತ್ರ ಇರಲಿಲ್ಲ.

ಫೋಕಸ್ ಮಾಡುವುದು ಸಿನಿಮಾದಲ್ಲಿ ಪ್ರತ್ಯೇಕ ಉದ್ಯೋಗ. ಫೋಕಸ್ ಪುಲ್ಲರ್ ಎಂಬ ಸಹಾಯಕ ಟೇಪು ಹಿಡಿದು ಕ್ಯಾಮೆರಾದಿಂದ ನಟನ ಕಣ್ಣಿಗೆ ಎಷ್ಟು ದೂರ ಎಂದು ಅಳೆಯುತ್ತಾನೆ, ನೆಲದ ಮೇಲೆ ಗುರುತು ಹಾಕುತ್ತಾನೆ, ನಟ ಗುರುತಿನಿಂದ ಗುರುತಿಗೆ ನಡೆದ ಹಾಗೆ ರಿಂಗ್ ತಿರುಗಿಸುತ್ತಾನೆ. ಲೆನ್ಸಿನ ಮೇಲೆ ಅಡಿ, ಮೀಟರು ಕೆತ್ತಿರುತ್ತದೆ. ನಮ್ಮ ಸಣ್ಣ ಕ್ಯಾಮ್‌ಕಾರ್ಡರಿನ ರಿಂಗಿಗೆ ಅದೂ ಇಲ್ಲ. ಆದಿ ಅಂತ್ಯವಿಲ್ಲದೆ ಸುತ್ತುತ್ತದೆ, ಒಳಗಿರುವ ಮೋಟಾರಿಗೆ ಸಂದೇಶ ಕಳಿಸುತ್ತದೆ ಅಷ್ಟೆ. ಎಷ್ಟು ತಿರುಗಿಸಿದೆ ಎಂಬುದು ಬೆರಳಿನ ನೆನಪಿನಲ್ಲಿ ಮಾತ್ರ ಉಳಿಯಬೇಕು. ಇಂಥ ಮಾತು ಬಂದಾಗ ಚಿಕ್ಕಪ್ಪ ವಿ.ಕೆ. ಮೂರ್ತಿಯವರನ್ನು ನೆನೆಯದೆ ಬಿಡುತ್ತಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಯಲ್ಲಿ ಗುರುದತ್ತರ ಕಣ್ಣಾದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಖಾಲಿ ಸ್ಟುಡಿಯೊದೊಳಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬವನ್ನು ಅವರು ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಒಳಗೆ ತಿರುಗಿಸಿ ಪಡೆದದ್ದು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಬಂತು. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಆ ಸುದ್ದಿ ಪೇಪರಿನಲ್ಲಿ ಬಂದ ದಿನ ಚಿಕ್ಕಪ್ಪ ಸ್ಟುಡಿಯೊಕ್ಕೆ ಬಂದವರಿಗೆಲ್ಲ ಪೇಡೆ ಕೊಟ್ಟ. ಪಾಸ್‌ಪೋರ್ಟ್ ಫೋಟೊ ತೆಗೆಸಲು ಬಂದವರು ಯಾಕೆಂದು ಕೇಳಿದರೆ, "ನಮ್ಮವರಿಗೆ ಪ್ರಶಸ್ತಿ ಬಂತು" ಎನ್ನುತ್ತಿದ್ದ. ಬೆಳಕು ಹಿಡಿಯುವವರೆಲ್ಲ ಅವನಿಗೆ ನಮ್ಮವರು.

ಮೂರ್ತಿಯವರ ಆ ಚಿತ್ರ ಕಪ್ಪು ಬಿಳುಪಿನದು. ಬಣ್ಣ ಬಂದ ಮೇಲೆ ಛಾಯಾಗ್ರಾಹಕರಿಗೆ ಇನ್ನೊಂದು ಯೋಚನೆ ಹತ್ತಿಕೊಂಡಿತು: ಬೆಳಕಿನ ಬಣ್ಣ. ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಹಳದಿ, ಇನ್ನೂ ಕಾಯಿಸಿದರೆ ಬೆಳ್ಳಗೆ. ಬೆಳಕಿನ ಬಣ್ಣವನ್ನು ಹೀಗೆ ಶಾಖದ ಲೆಕ್ಕದಲ್ಲೇ ಅಳೆಯುತ್ತಾರೆ. ಅಳತೆಗೆ ವಿಜ್ಞಾನಿ ಲಾರ್ಡ್ ಕೆಲ್ವಿನ್ ಅವರ ಹೆಸರು. ಮೇಣದ ಬತ್ತಿ ಸುಮಾರು 1900 ಕೆಲ್ವಿನ್, ಮನೆಯ ಹಳೆಯ ಬುರುಡೆ ಬಲ್ಬು 2700ರ ಆಸುಪಾಸು, ನಾನು ಹಿಡಿಯುತ್ತಿದ್ದ ಹ್ಯಾಲೊಜನ್ 3200, ನಡುಹಗಲಿನ ಬಿಸಿಲು 5600, ಮೋಡ ಕವಿದರೆ 6500, ಮರದ ನೆರಳಿಗೆ ಹೋದರೆ ಇನ್ನೂ ಮೇಲೆ, ನೀಲಿಯ ಕಡೆಗೆ. ಒಂದೇ ಬಿಳಿ ಪಂಚೆ ಈ ಎಲ್ಲ ಬೆಳಕಿನಲ್ಲಿ ಬೇರೆ ಬೇರೆ ಬಣ್ಣದ್ದು. ನಮ್ಮ ಕಣ್ಣು ಅದನ್ನು ನಮಗೆ ಹೇಳುವುದಿಲ್ಲ. ಪಂಚೆ ಬಿಳಿಯೆಂದು ಮನಸ್ಸಿಗೆ ಗೊತ್ತಿರುವುದರಿಂದ ಬಿಳಿಯಾಗಿಯೇ ತೋರಿಸುತ್ತದೆ. ಕ್ಯಾಮೆರಾಕ್ಕೆ ಆ ತಿಳಿವಳಿಕೆ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದುಕೊಳ್ಳುತ್ತದೆ.

ಅದಕ್ಕೇ "ಮೊದ್ಲು ಬಿಳಿ ತೋರ್ಸು" ಎಂಬುದು ಚಿಕ್ಕಪ್ಪನ ಮಂತ್ರ. ಕ್ಯಾಮೆರಾ ಆನ್ ಮಾಡಿದ ಮೇಲೆ ಮೊದಲ ಕೆಲಸ, ಜಾಗ ಬದಲಾದರೆ ಮೊದಲ ಕೆಲಸ, ಲೈಟು ಬದಲಾದರೆ ಮೊದಲ ಕೆಲಸ. ಮದುಮಗಳ ಮುಖದ ಮೇಲೆ ಬೀಳುವ ಬೆಳಕೇ ಬೀಳುವ ಹಾಗೆ ನಾನು ಅವಳ ಪಕ್ಕ ಒಂದು ಬಿಳಿ ಹಾಳೆ ಹಿಡಿಯಬೇಕು. ಅವನು ಚಿತ್ರದ ತುಂಬ ಹಾಳೆಯೇ ಬರುವಂತೆ ಜೂಮ್ ಎಳೆದು ಗುಂಡಿ ಒತ್ತುತ್ತಾನೆ. ಎರಡು ತ್ರಿಕೋನಗಳ ಒಂದು ಗುರುತು ವ್ಯೂಫೈಂಡರಿನಲ್ಲಿ ಪಟಪಟನೆ ಮಿನುಗುತ್ತದೆ. ಒಳಗೆ ನಡೆಯುವುದು ಇಷ್ಟೆ: ಹಸಿರನ್ನು ಇದ್ದಲ್ಲೇ ಬಿಟ್ಟು, ಕೆಂಪು ಮತ್ತು ನೀಲಿಯನ್ನು ಏರಿಸಿ ಇಳಿಸಿ ಮೂರನ್ನೂ ಸಮಕ್ಕೆ ತರುವುದು. ಸಮವಾಯಿತೆಂದರೆ ಮಿನುಗು ನಿಂತು ಗುರುತು ಸ್ಥಿರವಾಗುತ್ತದೆ. "ಹ್ಞಾ, ಒಪ್ಪಿತು" ಎನ್ನುತ್ತಾನೆ ಚಿಕ್ಕಪ್ಪ. ಹೆಣ್ಣಿನ ಕಡೆಯವರೂ ಗಂಡಿನ ಕಡೆಯವರೂ ಒಪ್ಪಿದ ಮೇಲೆ ಒಪ್ಪಬೇಕಾದ ಮೂರನೆಯ ಪಕ್ಷ ಅದು.

ಈ ಶಾಸ್ತ್ರ ಬಿಟ್ಟರೆ ಏನಾಗುತ್ತದೆಂದು ನೋಡಲು ನಮ್ಮ ನೆಂಟರೊಬ್ಬರ ಮದುವೆಯ ಕ್ಯಾಸೆಟ್ಟು ಸಾಕು. ಬೇರೆ ಊರಿನ ಯಾರೋ ತೆಗೆದದ್ದು. ಛತ್ರದೊಳಗೆ ಹ್ಯಾಲೊಜನ್‌ಗೆ ಬಿಳಿ ತೋರಿಸಿ, ಹಾಗೆಯೇ ಕಾಶಿಯಾತ್ರೆಗೆಂದು ಹೊರಗಿನ ಹಗಲಿಗೆ ಬಂದಿದ್ದಾರೆ. ಕೊಡೆ ಹಿಡಿದು ಹೊರಟ ಮದುಮಗ ನೀಲಿ, ತಡೆಯಲು ಬಂದ ಹುಡುಗಿಯ ಅಣ್ಣ ನೀಲಿ, ಕಾಲು ತೊಳೆದ ನೀರೂ ನೀಲಿ. ಶಾಮಿಯಾನದ ಕೆಳಗೆ ಇನ್ನೊಂದು ಬಗೆ. ಹಳದಿ ಕೆಂಪು ಪಟ್ಟೆಯ ಬಟ್ಟೆಯ ಮೂಲಕ ಸೋಸಿಕೊಂಡು ಬಂದ ಬಿಸಿಲಿನಲ್ಲಿ ಊಟಕ್ಕೆ ಕುಳಿತ ಪಂಕ್ತಿಯೆಲ್ಲ ಕಾಮಾಲೆಯ ಬಣ್ಣ, ಎಲೆಯ ಮೇಲಿನ ಅನ್ನ ಕೇಸರಿಭಾತು. ಅಲ್ಲೇ, ಆ ಬಟ್ಟೆಯ ಕೆಳಗೇ ಹಾಳೆ ಹಿಡಿದು ತೋರಿಸಿದರೆ ಅನ್ನ ಮತ್ತೆ ಅನ್ನವಾಗುತ್ತದೆ. ರಾತ್ರಿ ದಿಬ್ಬಣದಲ್ಲಿ ಸೋಡಿಯಂ ಬೀದಿದೀಪದ ಕೆಳಗೆ ಮಾತ್ರ ಯಾವ ಹಾಳೆಯೂ ನಡೆಯುವುದಿಲ್ಲ. ಆ ಬೆಳಕಿನಲ್ಲಿ ನೀಲಿ ಇರುವುದೇ ಅತ್ಯಲ್ಪ. ಇಲ್ಲದ್ದನ್ನು ಎಷ್ಟು ಏರಿಸಿದರೂ ಬರುವುದೇನು? ಅಂಥ ಕಡೆ ಚಿಕ್ಕಪ್ಪ ನನ್ನನ್ನು ಮುಂದೆ ಬಿಟ್ಟು ಹ್ಯಾಲೊಜನ್ ಹೊತ್ತಿಸಿ, ನಮ್ಮದೇ ಬೆಳಕು ಒಯ್ದು ಹಾಕುತ್ತಿದ್ದ.

ಹಾಳೆಯ ಸಂಗತಿ ಹೇಳಿದೆ. ಹಾಳೆ ಯಾವಾಗಲೂ ಕೈಯಲ್ಲಿರುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಜೇಬಿನ ಕಾಗದ ಮಧ್ಯಾಹ್ನಕ್ಕೆ ಮುದ್ದೆ. ಆಗ ಸುಣ್ಣ ಬಳಿದ ಗೋಡೆ, ರಂಗೋಲಿ ಪುಡಿಯ ಡಬ್ಬ, ಅಕ್ಷತೆಗೆ ಅರಿಸಿನ ಕಲಸುವ ಮುಂಚಿನ ಅಕ್ಕಿಯ ತಟ್ಟೆ, ಯಾವುದಾದರೂ ಆದೀತು. ಎಲ್ಲಕ್ಕಿಂತ ಸುಲಭಕ್ಕೆ ಸಿಗುವುದು ಯಾರದಾದರೂ ಪಂಚೆ. ಇಲ್ಲಿ ಒಂದು ವಿಚಿತ್ರವಿದೆ. ಹಳದಿಗಟ್ಟಿದ ಹಳೆಯ ನೋಟ್‌ಬುಕ್ಕಿನ ಹಾಳೆ ತೋರಿಸಿ 'ಇದೇ ಬಿಳಿ' ಎಂದರೆ ಕ್ಯಾಮೆರಾ ಆ ಹಳದಿಯನ್ನು ಕಳೆಯಲು ನೀಲಿ ಏರಿಸುತ್ತದೆ. ಎಲ್ಲರ ಮುಖವೂ ಜ್ವರ ಬಿಟ್ಟೆದ್ದವರ ಹಾಗೆ ಬಿಳಿಚಿಕೊಳ್ಳುತ್ತದೆ. ನೀಲಿ ಹಾಕಿದ ಪಂಚೆ ತೋರಿಸಿದರೆ ಅದರ ಉಲ್ಟಾ. ಆ ಎಳೆನೀಲಿಯನ್ನು ಕ್ಯಾಮೆರಾ ಬಿಳಿಯೆಂದು ನಂಬಿ ನೀಲಿಯನ್ನು ತಗ್ಗಿಸುತ್ತದೆ, ಚಿತ್ರಕ್ಕೆಲ್ಲ ತೆಳ್ಳಗೆ ಹೊಂಬಣ್ಣ ಏರುತ್ತದೆ. ದೊಡ್ಡ ದೊಡ್ಡ ಕ್ಯಾಮೆರಾಮನ್‌ಗಳು ಇದೇ ಕೆಲಸಕ್ಕೆಂದು ತೆಳುನೀಲಿ ಬಣ್ಣದ ಕಾರ್ಡುಗಳನ್ನು ಕೊಂಡು ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಆ ಕಾರ್ಡು ಚಿಕ್ಕಮ್ಮನ ಬಕೆಟ್ಟಿನಲ್ಲಿ ತಯಾರಾಗುತ್ತಿತ್ತು.

ಚಿಕ್ಕಮ್ಮ ಪಂಚೆಗೆ ನೀಲಿ ಹಾಕುವುದೇ ಒಂದು ಹದ. ಬಕೆಟ್ಟಿನ ನೀರಿಗೆ ನೀಲಿ ಬಿಟ್ಟು, ಕೈಯಾಡಿಸಿ, ಅಂಗೈಯಲ್ಲಿ ನೀರು ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ. ಹೆಚ್ಚಾಯಿತೆನಿಸಿದರೆ ಒಂದು ಚೊಂಬು ನೀರು. ಪಂಚೆಯನ್ನು ಮುಳುಗಿಸಿ ತಕ್ಷಣ ಎತ್ತುತ್ತಾಳೆ; ಬಿಟ್ಟರೆ ಪಟ್ಟೆ ಪಟ್ಟೆಯಾಗಿ ಹಿಡಿಯುತ್ತದೆ. ಆಮೇಲೆ ನೆರಳಿನಲ್ಲಿ ಒಣಗಿಸುವುದು. ಅವಳು ನೀಲಿ ಹಾಕಿದ ಪಂಚೆ ಉಟ್ಟು ಚಿಕ್ಕಪ್ಪ ಮದುವೆಗಳಿಗೆ ಬರುತ್ತಿದ್ದ. ಹಾಳೆ ಒದ್ದೆಯಾದ ದಿನ ಪಂಚೆಯ ಚುಂಗನ್ನೇ ನನ್ನ ಕೈಗೆ ಕೊಟ್ಟು "ಇದನ್ನ ಹಿಡಿ" ಎನ್ನುತ್ತಿದ್ದ. ಆ ದಿನದ ಮದುವೆಗಳಲ್ಲಿ ಎಲ್ಲರ ಮೈಬಣ್ಣವೂ ಅರಿಸಿನೆಣ್ಣೆ ಹಚ್ಚಿ ಮಿಂದವರ ಹಾಗೆ. ಕ್ಯಾಸೆಟ್ಟು ನೋಡಿದವರು "ನಿಮ್ಮ ಕ್ಯಾಮೆರಾದಲ್ಲಿ ಮನುಷ್ಯರು ಲಕ್ಷಣವಾಗಿ ಕಾಣ್ತಾರೆ ಭಟ್ರೇ" ಎಂದು ಹೊಗಳುತ್ತಿದ್ದರು. ಚಿಕ್ಕಪ್ಪ ಮನೆಗೆ ಬಂದು ಆ ಮಾತನ್ನು ಚಿಕ್ಕಮ್ಮನಿಗೆ ಒಪ್ಪಿಸುತ್ತಿದ್ದ. ತೀರ್ಥಹಳ್ಳಿ ಸೀಮೆಯ ಅದೆಷ್ಟೋ ಮನೆಗಳ ಮದುವೆಯ ಬಣ್ಣ ಅವಳ ಬಚ್ಚಲಿನಲ್ಲಿ ನಿಶ್ಚಯವಾದದ್ದೆಂದು ನನಗೆ ಈಗ ಹೆಮ್ಮೆಯೆನಿಸುತ್ತದೆ.

ಹಾಗಾದರೆ ಕ್ಯಾಮೆರಾಕ್ಕೆ ಸದಾ ಬಿಳಿ ತೋರಿಸುತ್ತಲೇ ಇರಬೇಕೆ? ಇಲ್ಲ ಎಂದೂ ಚಿಕ್ಕಪ್ಪನೇ ಹೇಳಿಕೊಟ್ಟ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆಗೆ ಮಂದಾರ್ತಿ ಮೇಳ ಯಕ್ಷಗಾನದ ಹರಕೆ ಆಟಕ್ಕೆ ಬರುತ್ತದೆ. ಕೊಯ್ದ ಗದ್ದೆಯಲ್ಲಿ ರಂಗಸ್ಥಳ, ಕಂಬಕ್ಕೆ ಕಟ್ಟಿದ ಟ್ಯೂಬ್‌ಲೈಟುಗಳು. ಟ್ಯೂಬಿನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಒಂದು ಹಸಿರು ಅಡಗಿರುತ್ತದೆ. ಅದನ್ನು ತೆಗೆಯದಿದ್ದರೆ ವೇಷದ ಕೆಂಪು ಕೊಳೆತ ಹಣ್ಣಿನ ಬಣ್ಣಕ್ಕೆ ಇಳಿಯುತ್ತದೆ. ಅಲ್ಲಿ ಚಿಕ್ಕಪ್ಪ ಭಾಗವತರ ಬಿಳಿ ಪಂಚೆಗೆ ಜೂಮ್ ಎಳೆದು, ಗುಂಡಿ ಒತ್ತಿ, ಒಪ್ಪಿಸಿಕೊಂಡೇ ಮುಂದಿನ ಮಾತು. ಒಮ್ಮೆ ಮಾತ್ರ ಹಳೆಯ ಕ್ರಮದಲ್ಲಿ ದೊಂದಿ ಬೆಳಕಿನ ಆಟ ಇಟ್ಟಿದ್ದರು. ವಿದ್ಯುತ್ ದೀಪ ಒಂದೂ ಇಲ್ಲ. ನಾನು ರೂಢಿಯಂತೆ ಹಾಳೆ ತೆಗೆದೆ. ಚಿಕ್ಕಪ್ಪ ಕೈಯಲ್ಲೇ ತಡೆದ. "ಇವತ್ತು ಬೇಡ ಮಾರಾಯ. ಈ ಬೆಳಕನ್ನ ಬಿಳಿ ಮಾಡಿದ್ರೆ ನಾವು ತೆಗ್ದದ್ದು ಎಂಥದ್ದು?" ಎಂದ.

ದೊಂದಿಗೆ ಬಿಳಿ ತೋರಿಸಿದರೆ ಕ್ಯಾಮೆರಾ ಆದಷ್ಟೂ ಅದರ ಕೆಂಪು ಹಳದಿಯನ್ನು ಕಳೆದು, ಟ್ಯೂಬ್‌ಲೈಟಿನ ಕಡೆಗೇ ಎಳೆದುಬಿಡುತ್ತದೆ. ಅರದಾಳದ ಹಳದಿ, ಇಂಗಳೀಕದ ಕೆಂಪು, ಕಾಡಿಗೆ, ಮರದ ಆಭರಣಗಳಿಗೆ ಅಂಟಿಸಿದ ಬೇಗಡೆ, ಇವೆಲ್ಲ ತಲೆಮಾರುಗಳ ಕಾಲ ಬೆಂಕಿಯ ಬೆಳಕಿನಲ್ಲೇ ಪಳಗಿದವು. ಚಿಕ್ಕಪ್ಪ ಬಲ್ಬಿನ ಗುರುತಿಗೆ, ಅಂದರೆ 3200ಕ್ಕೆ ಕ್ಯಾಮೆರಾವನ್ನು ಕಟ್ಟಿಹಾಕಿದ. ದೊಂದಿಯ ಬೆಳಕು ಅದಕ್ಕಿಂತ ಬಹಳ ಕೆಳಗಿನದಾದ್ದರಿಂದ ಅದರ ಕೆಂಪು ಹಳದಿ ಹಾಗೆಯೇ ಉಳಿಯಿತು. ಆ ಕತ್ತಲು ಹೊಗೆಯಲ್ಲಿ ಆಟೋ ಫೋಕಸ್ ನೆಚ್ಚುವ ಮಾತೇ ಇರಲಿಲ್ಲ. ಐರಿಸ್ ಪೂರ್ತಿ ತೆರೆದಿದ್ದರಿಂದ ಸ್ಪಷ್ಟವಾಗಿ ಕಾಣುವ ಆಳವೂ ಕಿರಿದು. ರಂಗಸ್ಥಳದ ನಡುಭಾಗಕ್ಕೆ ರಿಂಗು ನಿಲ್ಲಿಸಿ, ವೇಷಗಳು ಅಲ್ಲಿಗೆ ಬರುವುದನ್ನು ಕಾದ. ಕುಣಿಯುತ್ತ ಹಿಂದೆ ಸರಿದಾಗ ಅವು ಬಣ್ಣವಾಗುತ್ತಿದ್ದವು, ಮುಂದೆ ಬಂದಾಗ ಮುಖವಾಗುತ್ತಿದ್ದವು. ರಾಕ್ಷಸ ವೇಷ ಒಡ್ಡೋಲಗಕ್ಕೆ ಬಂದು, ಪರದೆಯ ಮೇಲೆ ಕಿರೀಟ ತೋರಿ, ಅಬ್ಬರಿಸಿ ಹೊರಬಿದ್ದಾಗ ದೊಂದಿ ಹಿಡಿದವರು ಅದರ ಜೊತೆಗೇ ಎರಡು ಹೆಜ್ಜೆ ಮುಂದೆ ಬಂದರು. ಬೇಗಡೆಯಲ್ಲಿ ಬೆಂಕಿ ಹರಿದಾಡಿತು. ವ್ಯೂಫೈಂಡರಿಗೆ ಕಣ್ಣಿಟ್ಟಿದ್ದ ಚಿಕ್ಕಪ್ಪ ತನಗೇ ತಿಳಿಯದಂತೆ "ಆಹಾ" ಎಂದದ್ದು ಕ್ಯಾಸೆಟ್ಟಿನಲ್ಲಿ ದಾಖಲಾಗಿದೆ. ಅದನ್ನು ನಾನು ಯಾವ ಪ್ರತಿಯಿಂದಲೂ ಅಳಿಸಿಲ್ಲ.

ನನಗೆ ಫೋಕಸ್ಸಿನ ಮತ್ತು ಬಿಳಿ ತೋರಿಸುವ ಈ ಎರಡು ಗುಂಡಿಗಳ ಮೇಲೆ ಇರುವ ಪ್ರೀತಿಗೆ ಕಾರಣ ಇದೇ. ಈಗಿನ ಯಂತ್ರಗಳು ಮುಖ ಗುರುತಿಸುತ್ತವೆ, ಕಣ್ಣನ್ನೇ ಹುಡುಕಿ ಹಿಡಿಯುತ್ತವೆ, ಬೆಳಕು ಬದಲಾದ ಹಾಗೆ ತಾವೇ ಬದಲಾಗುತ್ತವೆ. ಅವು ಮಾಡುವ ಕೆಲಸ ದೊಡ್ಡದು. ಓಡುವ ಮಗುವಿನ ಹಿಂದೆ ರಿಂಗ್ ತಿರುಗಿಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಕಂಬದ ಮರೆಯ ಅತ್ತೆ ಯಾರೆಂದು, ಈ ರಾತ್ರಿಯ ಹಳದಿ ಉಳಿಯಬೇಕೆಂದು ಯಂತ್ರಕ್ಕೆ ಹೇಳಬೇಕಾದರೆ ಹಿಂದಿನ ದಿನ ಆ ಮನೆಯಲ್ಲಿ ಕಾಫಿ ಕುಡಿದಿರಬೇಕು, ಆಟವನ್ನು ಬೆಳಗಿನ ತನಕ ಕುಳಿತು ನೋಡಿರಬೇಕು. ಯಾರನ್ನು ನೋಡಬೇಕು, ಯಾವ ಬೆಳಕಿನಲ್ಲಿ ನೋಡಬೇಕು ಎಂಬ ಎರಡು ನಿರ್ಧಾರಗಳನ್ನು ಯಂತ್ರದವರು ಮನುಷ್ಯನ ಬೆರಳಿಗೆ ಬಿಟ್ಟುಕೊಟ್ಟಿದ್ದರಲ್ಲ, ಅದು ನಮ್ಮ ಮೇಲಿಟ್ಟ ದೊಡ್ಡ ನಂಬಿಕೆ. ಬಳಸಿದರೆ ಉಳಿಯುತ್ತದೆ.

ಬರುವ ತಿಂಗಳು ಚಿಕ್ಕಪ್ಪನ ಮಗಳ ಮದುವೆ. ದೊಡ್ಡ ಕ್ಯಾಮೆರಾ ತರುವ ತಂಡದವರು ಶಿವಮೊಗ್ಗದಿಂದ ಬರುತ್ತಾರೆ. ಚಿಕ್ಕಪ್ಪ ಈಗ ತೋಟ ನೋಡಿಕೊಂಡಿದ್ದಾನೆ, ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಆದರೂ ಮುಹೂರ್ತವನ್ನು ಮಾತ್ರ ನಾವು ನಮ್ಮ ಹಳೆಯ ಮಿನಿ ಡಿವಿಯಲ್ಲೂ ತೆಗೆಯುವುದೆಂದು ನಿಶ್ಚಯವಾಗಿದೆ. ಧಾರೆ ಎರೆಯಬೇಕಾದವನು ಕ್ಯಾಮೆರಾ ಹಿಡಿಯುವಂತಿಲ್ಲವಾದ್ದರಿಂದ ರಿಂಗು ನನ್ನ ಕೈಗೆ ಬಂದಿದೆ. ಅಂತರಪಟದ ಆಚೆ ನಿಲ್ಲುವ ಕೆಲಸಕ್ಕೆ ನನ್ನ ಮಗಳು ಒಪ್ಪಿದ್ದಾಳೆ. ಗುಂಡಿ ಇರುವ ಅಂಗಿಯನ್ನೇ ಹಾಕಿಕೊಂಡು ಬಾ ಎಂದಿದ್ದೇನೆ. ಛತ್ರದಲ್ಲಿ ಈಗ ಎಲ್ಲ ಎಲ್ಇಡಿ, ಒಂದು ಮೂಲೆಯದು ಒಂದು ಬಣ್ಣ. ಮೊನ್ನೆ ಫೋನಿನಲ್ಲಿ ಈ ಯೋಚನೆ ಹೇಳಿದಾಗ ಚಿಕ್ಕಮ್ಮ ಕೇಳಿದಳು: "ಚಿಕ್ಕಪ್ಪನ ಧಾರೆ ಪಂಚೆಯ ಜೊತೆ ನಿಂಗೂ ಒಂದು ಒಗೆದಿಡ್ತೀನಿ. ನಿನ್ನ ಕ್ಯಾಮೆರಾಕ್ಕೆ ನೀಲಿ ಎಷ್ಟು ಬೇಕು, ಈಗ್ಲೇ ಹೇಳು." ಎರಡು ಹನಿ ಹೆಚ್ಚಿಗೆ ಎಂದಿದ್ದೇನೆ. ಮುಹೂರ್ತ ಹತ್ತಕ್ಕೆ, ಒಂಬತ್ತಕ್ಕೆ ಮುಂಚೆಯೇ ಹೋಗಿ ಬಿಳಿ ತೋರಿಸಬೇಕು.